ಹಳೆಯ ಕಂಪ್ಯೂಟರಿಗೆ ಕಾಸಿಲ್ಲದ ಚಿಕಿತ್ಸೆ

ಕಳೆದ ಮಳೆಗಾಲದ ಒಂದು ರವಿವಾರ ಬೆಳಿಗ್ಗೆ, ಫೋರ್ಟಿನ ಹೋಟೆಲೊಂದರ ಗಲ್ಲಾದಲ್ಲಿ ಕೆಲಸಮಾಡುವ ಕುಂದಾಪುರದ ಕಡೆಯ ತರುಣನೊಬ್ಬನು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ನಮ್ಮಲ್ಲಿಗೆ ಬಂದನು. ಹಗಲೆಲ್ಲ ಗಲ್ಲಾ, ರಾತ್ರಿ ಹನ್ನೊಂದರ ಮೇಲೆ ಬ್ಯಾಂಕಿನ ಗುಮಾಸ್ತೆ ಪರೀಕ್ಷೆಗೆ ಓದು, ಇದು ಅವನ ದಿನಚರಿ. ಲ್ಯಾಮಿಂಗ್ಟನ್ ರಸ್ತೆಯಲ್ಲಿ ಎರಡನೆಯ ಕೈಯ ಮಾಲಾಗಿ 11 ಸಾವಿರ ರೂಪಾಯಿಗೆ ಕೊಂಡ ಆ ಯಂತ್ರವು, ಪರೀಕ್ಷೆಗೆ ಅರ್ಜಿ ತುಂಬುವ ಕೊನೆಯ ರಾತ್ರಿ, ತೆರೆದುಕೊಳ್ಳುವುದಕ್ಕೇ ಹತ್ತು ನಿಮಿಷ ತೆಗೆದುಕೊಂಡಿತಂತೆ. ಭಾವಚಿತ್ರವನ್ನು ಏರಿಸುವ ಹೊತ್ತಿಗೆ ಅದು ಸ್ತಬ್ಧವಾಯಿತು. ಪುನಃ ಎಚ್ಚರಗೊಳ್ಳುವಷ್ಟರಲ್ಲಿ ಗಡಿಯಾರವು ಹನ್ನೆರಡು ದಾಟಿತ್ತು. ಒಂದು ವರ್ಷದ ಓದು ಹಾಗೆ ವ್ಯರ್ಥವಾಯಿತು. ಮರುದಿನ ದುರಸ್ತಿ ಅಂಗಡಿಯವನೊಬ್ಬನು ಮುಚ್ಚಳವನ್ನೂ ತೆರೆಯದೆ, "ಇದರ ಆಯುಷ್ಯ ಮುಗಿಯಿತು, 35 ಸಾವಿರ ಹಾಕಿ ಹೊಸದು ಕೊಳ್ಳು" ಎಂದು ತೀರ್ಪು ಕೊಟ್ಟನು.

"ಊರಿಗೆ ಕಳಿಸುವ ದುಡ್ಡನ್ನು ನಿಲ್ಲಿಸಿ ಹೊಸದು ತೆಗೆದುಕೊಳ್ಳಲೇಬೇಕಾ ಸಾರ್?" ಎಂದು ಆ ತರುಣನು ಕೇಳಿದನು. ಇದೇ ಪ್ರಶ್ನೆಯನ್ನು ನಮ್ಮ ವಾಚಕರಲ್ಲಿ ಅನೇಕರು ತಮ್ಮತಮ್ಮಲ್ಲೇ ಕೇಳಿಕೊಂಡಿರಬಹುದು. ಆದುದರಿಂದ ಆ ದಿನ ನಾವು ಕಂಡದ್ದನ್ನೂ ಮಾಡಿದ್ದನ್ನೂ ಇಲ್ಲಿ ವಿವರವಾಗಿ ಬರೆಯುವುದು ಉಚಿತವೆಂದು ತೋರಿತು.

ಕಂಪ್ಯೂಟರಿನ ಕಾರ್ಯವ್ಯವಸ್ಥೆ, ಅಂದರೆ ಆಪರೇಟಿಂಗ್ ಸಿಸ್ಟಮ್ ಎಂಬುದು, ಹೋಟೆಲಿನ ಮ್ಯಾನೇಜರನಿದ್ದಂತೆ. ಒಲೆ, ಉಗ್ರಾಣ, ಮೇಜು, ಮಾಣಿಗಳು, ಇವನ್ನೆಲ್ಲ ಯಾರಿಗೆ ಯಾವಾಗ ಎಷ್ಟು ಎಂದು ಹಂಚಿಕೊಡುವವನು ಅವನೇ. ಯಂತ್ರದ ರ್‍ಯಾಮ್ ಎಂಬ ಸ್ಮರಣೆಯನ್ನು ಮೇಜುಗಳೆಂದು ತಿಳಿಯಿರಿ; ಡಿಸ್ಕನ್ನು ಉಗ್ರಾಣವೆಂದು ತಿಳಿಯಿರಿ. ಮೇಜುಗಳೆಲ್ಲ ಏನೂ ತಿನ್ನದೆ ಸುಮ್ಮನೆ ಕುಳಿತವರಿಂದಲೇ ತುಂಬಿಹೋದರೆ, ಬಂದ ಗಿರಾಕಿಯನ್ನು ಉಗ್ರಾಣದ ಮೂಟೆಗಳ ನಡುವೆ ಕೂರಿಸಿ ಬಡಿಸಬೇಕಾಗುತ್ತದೆ. ಸ್ಮರಣೆ ಸಾಲದಾದಾಗ ವಿಂಡೋಸ್ ಮಾಡುವುದೂ ಅದನ್ನೇ: ಕೆಲಸದ ಒಂದು ಭಾಗವನ್ನು ಡಿಸ್ಕಿಗೆ ಸಾಗಿಸುತ್ತದೆ. ಡಿಸ್ಕು ಸ್ಮರಣೆಗಿಂತ ಬಹಳ ನಿಧಾನ. ಆದುದರಿಂದ ಯಂತ್ರವು ಏದುಸಿರು ಬಿಡುತ್ತದೆ.

ಹೀಗೆ ಸುಮ್ಮನೆ ಕುಳಿತವರು ಯಾರೆಂಬುದನ್ನು ನೋಡಲು ದುಡ್ಡು ಬೇಡ, ಪಂಡಿತರೂ ಬೇಡ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಎಂಬ ಕಿಟಕಿಯು ತೆರೆಯುತ್ತದೆ. ಅದರಲ್ಲಿ ಸ್ಟಾರ್ಟ್‌ಅಪ್ ಎಂಬ ಭಾಗವಿದೆ. ಯಂತ್ರವನ್ನು ಚಾಲೂ ಮಾಡಿದೊಡನೆ ಕರೆಯದೆಯೇ ಎದ್ದುಬರುವ ಪ್ರೋಗ್ರಾಮುಗಳ ಪಟ್ಟಿ ಅಲ್ಲಿರುತ್ತದೆ. ನಮ್ಮ ತರುಣನ ಯಂತ್ರದಲ್ಲಿ ಅಂಥವು ಹದಿನಾಲ್ಕು ಇದ್ದವು: ಹಾಡು ಕೇಳಿಸುವುದೊಂದು, ಆಟ ಮಾರುವುದೊಂದು, ಅವನಲ್ಲಿ ಇಲ್ಲವೇ ಇಲ್ಲದ ಪ್ರಿಂಟರಿನ ಸಹಾಯಕವೊಂದು, ಹೀಗೆ. ಒಂದೊಂದರ ಮೇಲೂ ಬಲಗುಂಡಿ ಒತ್ತಿ ಡಿಸೇಬಲ್ ಎಂದರೆ ಸಾಕು. ಅದು ಅಳಿಸಿಹೋಗುವುದಿಲ್ಲ, ಕರೆದಾಗ ಮಾತ್ರ ಬರುತ್ತದೆ. ತಪ್ಪೆನಿಸಿದರೆ ಮತ್ತೆ ಎನೇಬಲ್ ಮಾಡಬಹುದು. ಹನ್ನೊಂದನ್ನು ನಾವು ಹಾಗೆ ಹೊರಗೆ ಕೂರಿಸಿದೆವು. ಕಂಪ್ಯೂಟರು ತೆರೆಯುವ ಕಾಲವು ಹತ್ತು ನಿಮಿಷದಿಂದ ಸುಮಾರು ನಾಲ್ಕಕ್ಕೆ ಇಳಿಯಿತು.

ಇನ್ನೂ ಆಳಕ್ಕೆ ಇಳಿಯಬೇಕೆನ್ನುವವರಿಗೆ ಆಟೋರನ್ಸ್ ಎಂಬ ಉಚಿತ ಸಾಧನವಿದೆ. ಇದು ಸಿಸ್‌ಇಂಟರ್ನಲ್ಸ್ ಎಂಬ ಸಾಧನಗಳ ಕಟ್ಟಿಗೆ ಸೇರಿದುದು. ಮಾರ್ಕ್ ರುಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಎಂಬಿಬ್ಬರು 1996ರಲ್ಲಿ ಆರಂಭಿಸಿದ ಈ ಕಾರ್ಯವನ್ನು 2006ರಲ್ಲಿ ಮೈಕ್ರೋಸಾಫ್ಟ್ ಕಂಪನಿಯೇ ಕೊಂಡುಕೊಂಡಿತು. ಆದರೂ ಸಾಧನಗಳು ಇಂದಿಗೂ ಉಚಿತವಾಗಿಯೇ ದೊರೆಯುತ್ತವೆ. ವಿಂಡೋಸ್ ಮಾಡಿದವರೇ ಹೊರಗಿನವರ ಕೌಶಲಕ್ಕೆ ಮಣೆ ಹಾಕಿದರೆಂಬುದೇ ಅದರ ಯೋಗ್ಯತೆಗೆ ಸಾಕ್ಷಿ. ಆದರೆ ಆಟೋರನ್ಸ್ ತೋರಿಸುವ ಪಟ್ಟಿಯು ಹನುಮಂತನ ಬಾಲದಷ್ಟು ಉದ್ದ. ಮೈಕ್ರೋಸಾಫ್ಟಿನ ಸ್ವಂತ ಸಾಲುಗಳನ್ನು ಮರೆಮಾಡುವ ಆಯ್ಕೆಯನ್ನು ಮೊದಲು ಒತ್ತಿ, ಅನಂತರವೇ ನೋಡತಕ್ಕದ್ದು. ಹೆಸರು ತಿಳಿಯದ ಸಾಲಿನ ಮೇಲೆ ಕೈಯಿಡಕೂಡದು.

ಇಷ್ಟಾಗುವಾಗ ಪರದೆಯ ಮೂಲೆಯಲ್ಲಿ ಕೆಂಪು ಪೆಟ್ಟಿಗೆಯೊಂದು ಮೂಡಿ, "ನಿಮ್ಮ ಕಂಪ್ಯೂಟರಿನಲ್ಲಿ 1,243 ದೋಷಗಳಿವೆ" ಎಂದು ಕೂಗಲಾರಂಭಿಸಿತು. ವಿಚಾರಿಸಲಾಗಿ, ಯಂತ್ರವು ಮಂದವಾದಾಗ ತರುಣನು ಜಾಹೀರಾತನ್ನು ನಂಬಿ ಇಳಿಸಿಕೊಂಡಿದ್ದ ಉಚಿತ ಶುದ್ಧೀಕರಣ ಪ್ರೋಗ್ರಾಮು ಅದೆಂದು ತಿಳಿಯಿತು. ದೋಷಗಳನ್ನು ಎಣಿಸುವುದು ಉಚಿತ. ತೆಗೆಯುವುದಕ್ಕೆ ಮಾತ್ರ ವರ್ಷಕ್ಕೆ ಇಷ್ಟು ಎಂದು ಹಣ! ಊಟ ಉಚಿತ, ಎಲೆಗೆ ದುಡ್ಡು ಎಂದಂತಾಯಿತು.

ಈ ದೋಷಗಳೆಂಬುವು ಏನು? ವಿಂಡೋಸ್ ತನ್ನ ಎಲ್ಲ ವ್ಯವಸ್ಥೆಗಳನ್ನೂ ರಿಜಿಸ್ಟ್ರಿ ಎಂಬ ದೊಡ್ಡ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತದೆ. ತೆಗೆದುಹಾಕಿದ ಪ್ರೋಗ್ರಾಮುಗಳ ಹಳೆಯ ಸಾಲುಗಳು ಕೆಲವು ಅಲ್ಲಿ ಉಳಿದಿರುತ್ತವೆ. ಬಿಟ್ಟುಹೋದ ನೌಕರನ ಹೆಸರು ಹಳೆಯ ಹಾಜರಿ ಪುಸ್ತಕದಲ್ಲಿ ಉಳಿದರೆ ಅಡಿಗೆಮನೆಯ ಕೆಲಸವೇನೂ ನಿಧಾನವಾಗುವುದಿಲ್ಲವಷ್ಟೆ. ಆದರೆ ಬೇಕಾದ ಸಾಲನ್ನೇ ಅಳಿಸಿಬಿಟ್ಟರೆ ಯಂತ್ರವು ಏಳದೆಯೂ ಹೋಗಬಹುದು. ರಿಜಿಸ್ಟ್ರಿ ಶುದ್ಧೀಕರಣಕ್ಕೆ ತನ್ನ ಬೆಂಬಲವಿಲ್ಲವೆಂದು ಮೈಕ್ರೋಸಾಫ್ಟ್ ತಾನೇ ಹೇಳಿದೆ. ಇಂಥ ಪ್ರೋಗ್ರಾಮುಗಳಲ್ಲಿ ಪ್ರಾಮಾಣಿಕವಾದುವು ಇಲ್ಲವೆಂದಲ್ಲ. ಆದರೆ ಪ್ರಾಮಾಣಿಕವಾದುದಕ್ಕೂ ಅಪಾಯ ತಪ್ಪಿಲ್ಲ. ಲೋಕವಿಖ್ಯಾತವಾದ ಸಿಕ್ಲೀನರ್ ಎಂಬುದರ ಒಂದು ಆವೃತ್ತಿಯೊಳಗೆ 2017ರ ಆಗಸ್ಟಿನಲ್ಲಿ ಕಳ್ಳರು ತಮ್ಮ ಸಂಕೇತವನ್ನು ತುರುಕಿದರು. ಸೆಪ್ಟೆಂಬರಿನಲ್ಲಿ ಅದು ಬಯಲಾಗುವಷ್ಟರಲ್ಲಿ ಸುಮಾರು 22 ಲಕ್ಷ 70 ಸಾವಿರ ಯಂತ್ರಗಳಿಗೆ ಹೋಗಿತ್ತು. ಪೊರಕೆಯೇ ಕಸವನ್ನು ತಂದ ಕತೆಯಿದು. ತರುಣನ ಆ ಕೆಂಪು ಪೆಟ್ಟಿಗೆಯನ್ನು ನಾವು ಸೆಟ್ಟಿಂಗ್ಸ್‌ನ ಆ್ಯಪ್ಸ್ ವಿಭಾಗಕ್ಕೆ ಹೋಗಿ ಬೇರುಸಹಿತ ಕಿತ್ತೆವು. 1,243 ದೋಷಗಳೂ ಅದರೊಡನೆಯೇ ಮಾಯವಾದುವು.

ಇಲ್ಲಿಯೇ ಇನ್ನೊಂದು ಮಾತು. ಪರದೆಯ ತುಂಬ ಎಚ್ಚರಿಕೆ ಮೂಡಿ, "ತತ್ಕ್ಷಣ ಈ ನಂಬರಿಗೆ ಫೋನ್ ಮಾಡಿ" ಎಂದಿದ್ದರೆ ಅದು ವಂಚಕರದೆಂದೇ ತಿಳಿಯತಕ್ಕದ್ದು. ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಗಳಲ್ಲಿ ದೂರವಾಣಿ ಸಂಖ್ಯೆ ಇರುವುದೇ ಇಲ್ಲ. ಫೋನಿನಲ್ಲಿ ಸವಿಮಾತನಾಡಿ, ದೂರದಿಂದ ನಿಮ್ಮ ಯಂತ್ರವನ್ನು ನಡೆಸುವ ಪ್ರೋಗ್ರಾಮನ್ನು ಹಾಕಿಸುವವರಿಗೆ ನಿಮ್ಮ ಸಂಬಳದ ಖಾತೆಯೇ ಗುರಿ.

ಕಸವನ್ನು ಗುಡಿಸುವ ಪೊರಕೆಯು ವಿಂಡೋಸ್‌ನ ಒಳಗೇ ಇದೆ. ಸೆಟ್ಟಿಂಗ್ಸ್‌ನ ಸಿಸ್ಟಮ್ ವಿಭಾಗದಲ್ಲಿ ಸ್ಟೋರೇಜ್ ಎಂಬಲ್ಲಿ ತಾತ್ಕಾಲಿಕ ಕಡತಗಳ ಲೆಕ್ಕ ಸಿಗುತ್ತದೆ. ಗುರುತು ಹಾಕಿ ಅಳಿಸಬಹುದು. ಒಂದು ಎಚ್ಚರ: ಆ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಎಂಬ ಸಾಲೂ ಇರುತ್ತದೆ. ನಮ್ಮ ಜನರಲ್ಲಿ ಹೆಚ್ಚಿನವರು ಅಂಕಪಟ್ಟಿ, ಆಧಾರ್, ಬಾಡಿಗೆ ಕರಾರು ಎಲ್ಲವನ್ನೂ ಅಲ್ಲೇ ಬಿಟ್ಟಿರುತ್ತಾರೆ. ಅದರ ಮುಂದಿನ ಗುರುತನ್ನು ತೆಗೆದೇ ಮುಂದುವರಿಯಬೇಕು. ಜಾಗವನ್ನು ನುಂಗಿದವರು ಯಾರೆಂದು ತಿಳಿಯದಿದ್ದರೆ ವಿನ್‌ಡಿರ್‌ಸ್ಟ್ಯಾಟ್ ಎಂಬ ಉಚಿತ ಸಾಧನವು ಡಿಸ್ಕನ್ನೆಲ್ಲ ಬಣ್ಣಬಣ್ಣದ ಚೌಕಗಳ ನಕ್ಷೆಯಾಗಿ ತೋರಿಸುತ್ತದೆ. ದೊಡ್ಡ ಚೌಕವೇ ದೊಡ್ಡ ಕಡತ. ತರುಣನ ಯಂತ್ರದಲ್ಲಿ ಅದು ಹಿಂದಿನ ಯಜಮಾನನು ಬಿಟ್ಟುಹೋದ ಸಿನೆಮಾಗಳೆಂದು ಗೊತ್ತಾಯಿತು. ಇಂಥ ಸಾಧನಗಳನ್ನು ಮಾಡಿದವರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಬೇಕು. ನಡುವಿನ ದಲಾಲಿ ತಾಣಗಳಲ್ಲಿ ದೊಡ್ಡದಾಗಿ ಹಸುರು ಗುಂಡಿ ಕಂಡರೆ ಅದು ಸಾಮಾನ್ಯವಾಗಿ ಬೇರೇನನ್ನೋ ಅಂಟಿಸುವ ಗುಂಡಿ.

ವೈರಸ್ ಕಾವಲಿಗೆಂದು ಅವನ ಯಂತ್ರದಲ್ಲಿ, ಕೊಂಡಾಗಲೇ ಅಂಗಡಿಯವನು ಹಾಕಿಕೊಟ್ಟ, ಅವಧಿ ಮುಗಿದು ಹಣಕ್ಕಾಗಿ ಪೀಡಿಸುತ್ತಿದ್ದ ಪ್ರೋಗ್ರಾಮೊಂದಿತ್ತು. ಅದನ್ನೂ ತೆಗೆದೆವು. 2012ರ ವಿಂಡೋಸ್ 8ರಿಂದ ಡಿಫೆಂಡರ್ ಎಂಬ ಕಾವಲುಗಾರನು ಒಳಗೇ ಇದ್ದಾನೆ, ಸಂಬಳ ಕೇಳುವುದಿಲ್ಲ. ಹೊರಗಿನವನು ಬಂದರೆ ಹಿಂದೆ ಸರಿಯುತ್ತಾನೆ, ಹೋದರೆ ಮರಳಿ ಬಾಗಿಲಿಗೆ ಬರುತ್ತಾನೆ.

ಇವೆಲ್ಲ ಆದ ಮೇಲೂ ಯಂತ್ರವು ತೆರೆಯಲು ಮೂರು ನಿಮಿಷ ಬೇಕಾಯಿತು. ಇಲ್ಲಿ ನಾವು ವಾಚಕರಿಗೆ ಒಂದು ಸತ್ಯವನ್ನು ಮುಚ್ಚಿಡಲಾರೆವು. ಆ ಯಂತ್ರದಲ್ಲಿದ್ದುದು ತಿರುಗುವ ತಟ್ಟೆಗಳ ಹಳೆಯ ಮಾದರಿಯ ಹಾರ್ಡ್ ಡಿಸ್ಕು. ಒಂದೊಂದು ಕಡತಕ್ಕೂ ಅದರ ಸೂಜಿಯು ಅತ್ತಿಂದಿತ್ತ ಓಡಬೇಕು. ಚಲಿಸುವ ಭಾಗಗಳೇ ಇಲ್ಲದ ಎಸ್‌ಎಸ್‌ಡಿ ಎಂಬ ಹೊಸ ಮಾದರಿಯ ಡಿಸ್ಕನ್ನು ಅದರ ಸ್ಥಾನದಲ್ಲಿಟ್ಟರೆ ಆಗುವ ಲಾಭವು ಮೇಲಿನ ಎಲ್ಲ ಉಚಿತ ಉಪಾಯಗಳನ್ನು ಒಟ್ಟು ಸೇರಿಸಿದರೂ ಆಗುವುದಿಲ್ಲ. ಇದೊಂದಕ್ಕೆ ದುಡ್ಡು ಬೇಕು. ಆದರೆ ಹೊಸ ಯಂತ್ರದ ಬೆಲೆಯಲ್ಲಿ ಅದೊಂದು ಸಣ್ಣ ಪಾಲು. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ದಿಲ್ಲಿಯ ನೆಹರೂ ಪ್ಲೇಸ್, ಚೆನ್ನೈಯ ರಿಚ್ಚಿ ಬೀದಿ, ಇಲ್ಲೆಲ್ಲ ನಾಲ್ಕು ಅಂಗಡಿಗಳಲ್ಲಿ ಬೆಲೆ ವಿಚಾರಿಸಿಯೇ ಕೊಳ್ಳುವುದು ಲೇಸು. ಹಳೆಯ ಡಿಸ್ಕಿನಲ್ಲಿ ಡಿಫ್ರಾಗ್ ಮಾಡಿದರೆ ಚದುರಿದ ಕಡತಗಳು ಒಂದೆಡೆ ಸೇರಿ ಸ್ವಲ್ಪ ಲಾಭವುಂಟು. ಹೊಸ ಮಾದರಿಗೆ ಅದು ಬೇಡ. ಅದಕ್ಕೆ ಬೇಕಾದ ಆರೈಕೆಯನ್ನು ವಿಂಡೋಸ್ ತಾನಾಗಿಯೇ ಮಾಡುತ್ತದೆ.

ಇನ್ನು ಎಲ್ಲರನ್ನೂ ಕಾಡುವ ಪ್ರಶ್ನೆ ವಿಂಡೋಸ್ 10ರದು. 2015ರ ಜುಲೈನಲ್ಲಿ ಬಂದ ಈ ವ್ಯವಸ್ಥೆಗೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ಅಂದಿಗೆ ಯಂತ್ರವೇನೂ ನಿಲ್ಲಲಿಲ್ಲ. ಆದರೆ ಕಂಡುಬರುವ ಬಿರುಕುಗಳಿಗೆ ತೇಪೆ ಹಾಕುವ ಕೆಲಸವು ನಿಂತಿತು. 2026ರ ಅಕ್ಟೋಬರ್ 13ರ ವರೆಗೆ ಸುರಕ್ಷತೆಯ ತೇಪೆಗಳನ್ನು ಹೆಚ್ಚುವರಿಯಾಗಿ ಪಡೆಯುವ ಯೋಜನೆಯೊಂದನ್ನು ಕಂಪನಿಯು ಮನೆಬಳಕೆಯವರಿಗೆ ಪ್ರಕಟಿಸಿತು; ಮೈಕ್ರೋಸಾಫ್ಟ್ ಖಾತೆಯಿಂದ ಸೇರಿ, ಯಂತ್ರದ ಸೆಟ್ಟಿಂಗುಗಳನ್ನು ಅದರಲ್ಲಿ ಉಳಿಸಿಕೊಂಡವರಿಗೆ ಹಣವಿಲ್ಲ. ವಿಂಡೋಸ್ 11 ಆದರೋ, ಟಿಪಿಎಮ್ 2.0 ಎಂಬ ಸುರಕ್ಷತೆಯ ಅಂಗವನ್ನೂ ಇತ್ತೀಚಿನ ಪ್ರೊಸೆಸರನ್ನೂ ಕೇಳುವುದರಿಂದ, ಚೆನ್ನಾಗಿಯೇ ನಡೆಯುತ್ತಿರುವ ಎಷ್ಟೋ ಯಂತ್ರಗಳು ಹೊಸ್ತಿಲಲ್ಲೇ ನಿಂತುಬಿಟ್ಟಿವೆ. ಗಟ್ಟಿಮುಟ್ಟಾದ ಎತ್ತನ್ನು ಕೊಂಬು ಚಿಕ್ಕದೆಂದು ಕಟುಕನಿಗೆ ಕೊಟ್ಟಂತೆ ಇದೆಂದು ನಮಗೆ ತೋರುತ್ತದೆ.

ಅಂಥ ಯಂತ್ರಗಳಿಗೆ ಲಿನಕ್ಸ್ ಒಂದು ಆಸರೆ. ಫಿನ್ಲೆಂಡಿನ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿ, ಲೋಕದ ಸಾವಿರಾರು ಮಂದಿ ಬೆಳೆಸಿದ ಇದು ಯಾರಿಗೂ ಉಚಿತ. ಅದರ ಲಿನಕ್ಸ್ ಮಿಂಟ್ ಎಂಬ ರೂಪವು ವಿಂಡೋಸ್ ಬಳಸಿದ ಕೈಗೆ ಬೇಗ ಒಗ್ಗುತ್ತದೆ. 4 ಜಿಬಿ ಸ್ಮರಣೆಯಿದ್ದರೆ ಹಾಯಾಗಿ ನಡೆಯುತ್ತದೆ. ಪೆನ್ ಡ್ರೈವಿನಿಂದಲೇ ನಡೆಸಿ, ಡಿಸ್ಕನ್ನು ಮುಟ್ಟದೆ, ರುಚಿ ನೋಡಬಹುದು. ಜೊತೆಗಿರುವ ಲಿಬ್ರೆ‌ಆಫೀಸಿನಲ್ಲಿ ಪತ್ರ, ಲೆಕ್ಕಪಟ್ಟಿ ಎಲ್ಲವೂ ಆಗುತ್ತವೆ. ಆದರೆ ಗುಮಾಸ್ತ ಬಂಧುಗಳು ಗಮನಿಸಬೇಕು: ಟ್ಯಾಲಿಯು ವಿಂಡೋಸಿಗಾಗಿ ಮಾಡಿದ್ದು. ಧಣಿಗಳ ಬಿಲ್ಲಿನ ಯಂತ್ರದಲ್ಲಿ ಅವರನ್ನು ಕೇಳದೆ ಇಂಥ ಪ್ರಯೋಗಕ್ಕೆ ಇಳಿದರೆ ಲಿನಕ್ಸ್ ಉಳಿದೀತು, ಕೆಲಸ ಉಳಿಯಲಿಕ್ಕಿಲ್ಲ. ಸ್ವಂತ ಯಂತ್ರವಾದರೂ ಮೊದಲು ಕಾಗದಪತ್ರಗಳ ಪ್ರತಿಯನ್ನು ಬೇರೊಂದು ಪೆನ್ ಡ್ರೈವಿನಲ್ಲಿ ಇಟ್ಟುಕೊಂಡೇ ಕೈಹಾಕುವುದು.

ಹೊರಡುವ ಮುನ್ನ ತರುಣನು ಸಂಕೋಚದಿಂದ, "ಕನ್ನಡದಲ್ಲಿ ಬರೆಯಲು ಯಾವುದಾದರೂ ಪ್ರೋಗ್ರಾಮು ಕೊಳ್ಳಬೇಕಾ ಸಾರ್?" ಎಂದನು. ಊರಿನ ಪಂಚಾಯತಿಗೆ ಮನೆಯ ಖಾತೆಯ ವಿಷಯವಾಗಿ ಅರ್ಜಿ ಬರೆಯಬೇಕಿತ್ತಂತೆ. ಕೊಳ್ಳುವುದೇನೂ ಬೇಡ. ಸೆಟ್ಟಿಂಗ್ಸ್‌ನ ಭಾಷಾ ವಿಭಾಗದಲ್ಲಿ ಕನ್ನಡವನ್ನು ಸೇರಿಸಿದರೆ ಕೀಲಿಮಣೆಯು ಬರುತ್ತದೆ. 2019ರ ಮೇ ತಿಂಗಳ ಪರಿಷ್ಕರಣದಿಂದೀಚೆಗೆ ಉಚ್ಚಾರಣೆಯಂತೆ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ಫೊನೆಟಿಕ್ ಕೀಲಿಮಣೆಯೂ ವಿಂಡೋಸ್‌ನಲ್ಲಿಯೇ ಇದೆ. ವಿಂಡೋಸ್ ಕೀಲಿಯೊಡನೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಅವನು ಮೊದಲು ಮೂಡಿಸಿದ್ದು ತನ್ನ ಊರಿನ ಹೆಸರನ್ನು.

ಮುಂದಿನ ಸಂಬಳದಲ್ಲಿ ಅವನು ಡಿಸ್ಕನ್ನು ಬದಲಾಯಿಸಿಕೊಂಡನು. ಈಗ ಯಂತ್ರವು ಮುಕ್ಕಾಲು ನಿಮಿಷದಲ್ಲಿ ತೆರೆಯುತ್ತದೆ. ಈ ಸಲದ ಪರೀಕ್ಷೆಯ ಅರ್ಜಿಯನ್ನು ಪ್ರಕಟಣೆ ಬಂದ ಮೂರನೆಯ ದಿನವೇ ಕಳಿಸಿದನು. ಮೊನ್ನೆ ನಾವು ಚಹಕ್ಕೆಂದು ಆ ಹೋಟೆಲಿಗೆ ಹೋದಾಗ, ಅಡಿಗೆಯ ಭಟ್ಟರ ಮಗಳ ಕಾಲೇಜಿನ ಪ್ರವೇಶದ ಅರ್ಜಿಯನ್ನು ಅದೇ ಯಂತ್ರದಲ್ಲಿ ತುಂಬಿಸುತ್ತ ಕುಳಿತಿದ್ದನು. ಭಟ್ಟರು ಕೈಯೊರೆಸಿಕೊಳ್ಳುತ್ತ ಹಿಂದೆ ನಿಂತಿದ್ದರು.