ಅಂಟು ಹೋಗಲಿ, ಬಣ್ಣ ಉಳಿಯಲಿ

ಹೊಸ ಸ್ಟೀಲ್ ಡಬ್ಬಿಯ ಮೇಲಿನ ಲೇಬಲ್ ತೆಗೆಯುವುದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಲೆಯ ಮೇಲೆ ತುಸು ಬಿಸಿ ಮಾಡಿ, ಮೆಲ್ಲಗೆ ಎಳೆದು, ಉಳಿದ ಜಿಗುಟಿಗೆ ತೆಂಗಿನೆಣ್ಣೆ ಸವರಿದರಾಯಿತು. ಆದರೆ ಕಾರಿನ ಬಾಗಿಲಿಗೆ ಅಂಟಿಸಿದ ಬೀಡಿಂಗ್ ಪಟ್ಟಿ ಅರ್ಧ ಕಿತ್ತು ನೇತಾಡುತ್ತಿದ್ದರೆ? ಮನೆಯವರು ಸ್ಕ್ರೂಡ್ರೈವರ್ ಹಿಡಿದು ಹೊರಡುತ್ತಾರೆ. ಅಲ್ಲೇ ಎಡವಟ್ಟು!

ಯಾಕೆ ಅಂತೀರಾ? ತಗಡಿನ ಮೇಲೆ ತುಕ್ಕು ತಡೆಯುವ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಹೊಳಪಿನ ಪಾರದರ್ಶಕ ಲೇಪ. ಇಷ್ಟೆಲ್ಲ ಸೇರಿದರೂ ದಪ್ಪ ಸುಮಾರು ಮಿಲಿಮೀಟರಿನ ಹತ್ತನೆಯ ಒಂದು ಭಾಗ ಅಷ್ಟೆ. ಗೀರು ತಗಡು ಮುಟ್ಟಿದರೆ ತುಕ್ಕು ಶುರು. ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಂತೂ ಇನ್ನೂ ಬೇಗ. ಒಂದು ಗೀರಿಗಾಗಿ ಇಡೀ ಬಾಗಿಲಿಗೇ ಬಣ್ಣ ಹೊಡೆಸಬೇಕಾಗಿ ಬರಬಹುದು. ಕಾರು ಮಾರಲು ಹೊರಟರೆ ಕೊಳ್ಳುವವರ ಕಣ್ಣೂ ಮೊದಲು ಅಲ್ಲಿಗೇ ಹೋಗುತ್ತದೆ.

ಈ ಅಂಟಿನ ಸ್ವಭಾವ ತಿಳಿದರೆ ಕೆಲಸ ಸುಲಭ. ತಣ್ಣಗಿದ್ದಾಗ ಜಗ್ಗಿದರೆ ಅದು ಬಿಗಿಯಾಗಿ ಕಚ್ಚುತ್ತದೆ; ಬೆಚ್ಚಗೆ ಮಾಡಿ ನಿಧಾನವಾಗಿ ಎಳೆದರೆ ಸಡಿಲ ಬಿಡುತ್ತದೆ. ಬಲ ಬೇಡ, ತಾಳ್ಮೆ ಬೇಕು.

ಮಾಡುವ ವಿಧಾನ

1. ಮೊದಲು ಆ ಜಾಗವನ್ನು ಸೋಪಿನ ನೀರಿನಿಂದ ತೊಳೆದು ಒರೆಸಿ. ಧೂಳು ಉಳಿದರೆ ಅದೇ ಉಪ್ಪುಕಾಗದದ ಹಾಗೆ ಉಜ್ಜುತ್ತದೆ.

2. ಕೂದಲು ಒಣಗಿಸುವ ಡ್ರೈಯರ್ ಅನ್ನು ಒಂದು ಗೇಣು ದೂರದಲ್ಲಿ ಹಿಡಿದು, ಒಂದೆರಡು ನಿಮಿಷ ಅತ್ತಿತ್ತ ಆಡಿಸಿ. ಮುಟ್ಟಿದರೆ ಬಿಸಿ ಅನ್ನಿಸಬೇಕು, ಕೈ ಸುಡಬಾರದು. ಡ್ರೈಯರ್ ಇಲ್ಲವೇ? ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯನ್ನು ಮತ್ತೆ ಮತ್ತೆ ಒತ್ತಿ.

3. ಬರಿಯ ಸ್ಟಿಕರ್ ಆದರೆ ಮೂಲೆಯನ್ನು ಉಗುರಿನಿಂದ ಎಬ್ಬಿಸಿ, ಹಿಂದಕ್ಕೆ ಮಡಚಿ ಮೆಲ್ಲಗೆ ಎಳೆಯಿರಿ. ಮಾಸಿದ ದೇವರ ಚಿತ್ರವೂ ಹೀಗೆ ಹರಿಯದೆ ಬರುತ್ತದೆ.

4. ಬೀಡಿಂಗ್, ಹೆಸರಿನ ಅಕ್ಷರಗಳಂಥವು ದಪ್ಪ ಸ್ಪಂಜಿನ ಟೇಪಿನ ಮೇಲೆ ಕೂತಿರುತ್ತವೆ. ಹಿಂದಕ್ಕೆ ಗಾಳದ ನೈಲಾನ್ ದಾರ ತೂರಿಸಿ, ಬಾರ್ ಸೋಪನ್ನು ದಾರದಿಂದ ಕೊಯ್ಯುವಂತೆ ಅತ್ತಿತ್ತ ಎಳೆಯಿರಿ. ದಾರ ಒಂದು ಕಡೆ ತಡೆದು ನಿಂತರೆ ಒಳಗೆ ಪಿನ್ನೋ ಕ್ಲಿಪ್ಪೋ ಇರಬಹುದು. ಅಲ್ಲಿಗೆ ನಿಲ್ಲಿಸಿ, ಗ್ಯಾರೇಜಿನಲ್ಲಿ ತೋರಿಸಿ.

5. ಬಣ್ಣದ ಮೇಲೆ ಉಳಿದ ಸ್ಪಂಜನ್ನು ಮತ್ತೆ ಬೆಚ್ಚಗೆ ಮಾಡಿ, ಹೆಬ್ಬೆರಳಿನಿಂದ ಉಜ್ಜಿ. ಸುರುಳಿ ಸುರುಳಿಯಾಗಿ ಬರುತ್ತದೆ.

6. ಕೊನೆಯ ಜಿಗುಟಿಗೆ ಮೆತ್ತನೆ ಬಟ್ಟೆಯಲ್ಲಿ ಸ್ವಲ್ಪ ನೀಲಗಿರಿ ಎಣ್ಣೆ ಸಾಕು. ಮೊದಲು ಕಣ್ಣಿಗೆ ಬೀಳದ ಕಡೆ ಹಚ್ಚಿ ನೋಡಿ. ಈ ಕೆಲಸ ನೆರಳಿನಲ್ಲಿ, ಡ್ರೈಯರ್ ಆರಿಸಿ, ಬಣ್ಣ ತಣ್ಣಗಾದ ಮೇಲೆ ಮಾಡಿ. ಈ ಎಣ್ಣೆಗೆ ಬೆಂಕಿ ಹತ್ತುತ್ತದೆ. ಹೊಟ್ಟೆಗೆ ಹೋದರೆ ವಿಷ, ಶೀಶೆ ಮಕ್ಕಳ ಕೈಗೆ ಸಿಗದಿರಲಿ. ಜಿಗುಟು ಹೋದ ಕೂಡಲೇ ಸೋಪಿನ ನೀರಿನಿಂದ ತೊಳೆದು, ಒರೆಸಿ, ವ್ಯಾಕ್ಸ್ ಹಚ್ಚಿ.

ಇವು ಬೇಡವೇ ಬೇಡ

ಥಿನ್ನರ್, ಪೆಟ್ರೋಲ್, ಉಗುರುಬಣ್ಣ ತೆಗೆಯುವ ದ್ರವ, ಪಾತ್ರೆ ತಿಕ್ಕುವ ಸ್ಕ್ರಬ್ಬರ್, ಚಾಕು. ಬ್ಲೇಡ್ ಏನಿದ್ದರೂ ಗಾಜಿಗೆ, ಅದೂ ಸೋಪಿನ ನೀರು ಹಚ್ಚಿಕೊಂಡು. ಹಿಂದಿನ ಗಾಜಿನ ಒಳಬದಿಯಲ್ಲಿ ಸಣ್ಣ ಗೆರೆಗಳಿದ್ದರೆ ಅಲ್ಲಿಗೂ ಬ್ಲೇಡ್ ಬೇಡ. ಮಂಜು ಕರಗಿಸುವ ತಂತಿಗಳವು, ಕಿತ್ತರೆ ಕೆಟ್ಟವು.

ಹಳೆಯ ಕಾರು ಕೊಂಡಿದ್ದರೆ, ಆ ಭಾಗಕ್ಕೆ ಹಿಂದೆ ಯಾವಾಗಲಾದರೂ ಮರುಬಣ್ಣ ಆಗಿದೆಯೇ ಎಂದು ಕೇಳಿ ತಿಳಿಯಿರಿ. ಆಮೇಲೆ ಹೊಡೆದ ಬಣ್ಣ ಅಂಟಿನ ಜೊತೆ ಸಿಪ್ಪೆಯ ಹಾಗೆ ಎದ್ದುಬರುವುದುಂಟು. ಹಾಗೆ ಏಳುವುದು ಕಂಡರೆ ತಕ್ಷಣ ಕೈ ತೆಗೆಯಿರಿ.

ಎಲ್ಲ ಮುಗಿದ ಮೇಲೂ ಪಟ್ಟಿಯಿದ್ದ ಜಾಗ ಗಾಢವಾಗಿ ಕಂಡೀತು. ಅದು ಜಿಗುಟಲ್ಲ, ಉಜ್ಜಬೇಡಿ. ಸುತ್ತಲಿನದು ಬಿಸಿಲಿಗೆ ಮಾಸಿದೆ, ಅಡಿಯಲ್ಲಿದ್ದದ್ದು ಹೊಸತರಂತೆಯೇ ಉಳಿದಿದೆ ಅಷ್ಟೆ. ಕಾರಿನ ಪಾಲಿಶ್‌ನಿಂದ ವ್ಯತ್ಯಾಸ ತಕ್ಕಮಟ್ಟಿಗೆ ತಗ್ಗುತ್ತದೆ. ಮುಂದಿನ ಸಲ ಹೊಸ ಅಲಂಕಾರ ಅಂಟಿಸುವ ಮೊದಲು ಮಾತ್ರ, ಒಂದು ದಿನ ಇದನ್ನೂ ಬಿಡಿಸಬೇಕಲ್ಲ ಎಂದು ನೆನೆಸಿಕೊಳ್ಳಿ!