ಕಂಬಳ ಮತ್ತು ಪ್ರಾಣಿಹಿಂಸೆಯ ಪ್ರಶ್ನೆ

ಕಂಬಳವು ಕರ್ನಾಟಕದ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ, ಸಾಮಾನ್ಯವಾಗಿ ನವೆಂಬರ್‌ನಿಂದ ಮಾರ್ಚ್‌ವರೆಗೆ ನಡೆಯುವ ಜೋಡಿ ಕೋಣಗಳ ಓಟ. ನೀರು ತುಂಬಿದ ಕೆಸರಿನ ಕರೆಯಲ್ಲಿ ಕೋಣಗಳ ಹಿಂದೆ ಓಟಗಾರನೂ ಓಡುತ್ತಾನೆ. ೨೦೧೪ರ ನಂತರ ಈ ಕ್ರೀಡೆಯು ಪ್ರಾಣಿಗಳನ್ನು ನಡೆಸಿಕೊಳ್ಳುವ ನೀತಿಯ ಕುರಿತ ದೀರ್ಘ ವಿವಾದಕ್ಕೆ ವಸ್ತುವಾಯಿತು.

ಕಾನೂನಿನ ಹಿನ್ನೆಲೆ

೧೯೬೦ರ ಪ್ರಾಣಿ ಹಿಂಸೆ ತಡೆ ಕಾಯ್ದೆಯು ಎಲ್ಲ ನೋವನ್ನೂ ನಿಷೇಧಿಸುವುದಿಲ್ಲ. 'ಅನಗತ್ಯ' ನೋವನ್ನು ಮಾತ್ರ ನಿಷೇಧಿಸುತ್ತದೆ. ದನಗಳ ಕೊಂಬು ತೆಗೆಯುವುದು, ಬೀಜ ಒಡೆಯುವುದು, ಮೂಗುದಾರ ಹಾಕುವುದು ಮೊದಲಾದವುಗಳಿಗೆ ಕಾಯ್ದೆಯಲ್ಲೇ ವಿನಾಯಿತಿಯಿದೆ. ಯಾವ ನೋವು ಅಗತ್ಯ, ಯಾರಿಗೆ ಅಗತ್ಯ ಎಂಬುದೇ ಕಂಬಳದ ವಿವಾದದ ತಿರುಳು. ಜೀವಿಗಳ ಬಗ್ಗೆ ದಯೆ ತೋರುವುದು ನಾಗರಿಕರ ಕರ್ತವ್ಯವೆಂದು ಸಂವಿಧಾನದ ೫೧ಎ(ಜಿ) ವಿಧಿಯೂ ಹೇಳುತ್ತದೆ.

ತೀರ್ಪುಗಳು

೨೦೧೪ರ ಮೇ ೭ರಂದು ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟಗಳನ್ನು ನಿಷೇಧಿಸಿತು. ಹಸಿವು, ಅಸೌಖ್ಯ, ನೋವು, ಭಯಗಳಿಂದ ಮುಕ್ತವಾಗಿದ್ದು ತನ್ನ ಸಹಜ ವರ್ತನೆಯನ್ನು ತೋರುವ 'ಐದು ಸ್ವಾತಂತ್ರ್ಯ'ಗಳನ್ನು ಅದು ಪ್ರಾಣಿಯ ಹಕ್ಕುಗಳೆಂದೇ ಪರಿಗಣಿಸಿತು. ಪ್ರಶ್ನೆಯನ್ನು ನೋಡುಗನ ಸಂತೋಷದಿಂದಲ್ಲ, ಪ್ರಾಣಿಯ ಹಿತದಿಂದ ಅಳೆದದ್ದು ಈ ತೀರ್ಪಿನ ವಿಶೇಷ. ಅದರ ಆದೇಶ ಹೋರಿ, ಎತ್ತುಗಳನ್ನು ಕುರಿತದ್ದು, ಕಂಬಳದ್ದು ಕೋಣ. ಆದರೂ ಅದರ ನೆರಳು ಕರಾವಳಿಯವರೆಗೂ ಚಾಚಿತು. ೨೦೧೬ರ ನವೆಂಬರ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಕಂಬಳಕ್ಕೆ ಮಧ್ಯಂತರ ತಡೆ ನೀಡಿತು. ಮರುವರ್ಷ ರಾಜ್ಯದ ಶಾಸಕಾಂಗ ಕಾಯ್ದೆಗೆ ತಿದ್ದುಪಡಿ ತಂದು, ಅನಗತ್ಯ ನೋವು ಕೊಡಬಾರದೆಂಬ ಷರತ್ತಿನೊಂದಿಗೆ ಕಂಬಳಕ್ಕೆ ವಿನಾಯಿತಿ ಕಲ್ಪಿಸಿತು.

೨೦೨೩ರ ಮೇ ೧೮ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕಗಳ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಆಚರಣೆಯೊಂದು ಸಂಸ್ಕೃತಿಯ ಭಾಗವೇ ಎಂಬುದನ್ನು ಶಾಸಕಾಂಗದ ತೀರ್ಮಾನಕ್ಕೆ ಬಿಟ್ಟಿತು. ನಿಯಮಗಳಿಂದ ಪ್ರಾಣಿಯ ನೋವು ಗಣನೀಯವಾಗಿ ತಗ್ಗುವುದೆಂದು ಹೇಳಿತು. ನಿಯಮಗಳು ಕಟ್ಟುನಿಟ್ಟಾಗಿ ಪಾಲನೆಯಾಗುವಂತೆ ನೋಡಿಕೊಳ್ಳುವ ಹೊಣೆ ಜಿಲ್ಲಾಡಳಿತದ್ದು.

ನೈತಿಕ ಚರ್ಚೆ

ಕಂಬಳದ ಪರವಾಗಿರುವವರು ಕೋಣಗಳಿಗೆ ಸಿಗುವ ಆರೈಕೆಯನ್ನು ಮುಂದಿಡುತ್ತಾರೆ: ಬೇಯಿಸಿದ ಹುರುಳಿ, ಎಣ್ಣೆಯ ನೀವು, ಈಜಾಟ. ಉಳುಮೆಗೆ ಟಿಲ್ಲರ್ ಬಂದಮೇಲೆ ಗಂಡು ಎಮ್ಮೆಕರುವನ್ನು ಸಾಕಲು ರೈತನಿಗೆ ಬೇರೆ ಕಾರಣವಿಲ್ಲ, ಕಂಬಳವಿಲ್ಲದಿದ್ದರೆ ಅದರ ದಾರಿ ಕಸಾಯಿಖಾನೆಗೇ ಎಂಬ ವಾದವೂ ಇದೆ. ಈ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಅದು ಕೋಣವನ್ನು ಸಾಕುವುದಕ್ಕೆ ಸಮರ್ಥನೆಯೇ ಹೊರತು ಬೆತ್ತದ ಏಟಿಗಲ್ಲ. ವರ್ಷವಿಡೀ ಉಣಿಸಿದ ಕೈಗೆ ಒಂದು ದಿನ ಹೊಡೆಯುವ ಅಧಿಕಾರ ಬರುತ್ತದೆಯೇ ಎಂದು ವಿರೋಧಿಗಳು ಕೇಳುತ್ತಾರೆ. ಎಮ್ಮೆಯ ಜಾತಿಗೆ ಕೆಸರು, ನೀರು ಪ್ರಿಯವೆಂಬುದು ನಿಜ. ಗಡಿಯಾರದ ಎದುರು ಓಡುವುದು ಅದರ ಸಹಜ ವರ್ತನೆಯೆನ್ನುವುದು ಕಷ್ಟ.

ಎಲ್ಲ ವಿಭಾಗಗಳೂ ಒಂದೇ ಬಗೆಯವಲ್ಲ ಎಂಬುದನ್ನು ಈ ಚರ್ಚೆಯಲ್ಲಿ ಹಲವರು ಗಮನಿಸುವುದಿಲ್ಲ. ಹಗ್ಗ, ನೇಗಿಲು, ಅಡ್ಡಹಲಗೆಗಳಲ್ಲಿ ವೇಗವೇ ನಿರ್ಣಾಯಕ. ಕನೆಹಲಗೆಯಲ್ಲಿ ಹಾಗಲ್ಲ, ಹಲಗೆಯ ರಂಧ್ರಗಳಿಂದ ಚಿಮ್ಮುವ ನೀರು ಮೇಲೆ ಕಟ್ಟಿದ ನಿಶಾನೆಯನ್ನು ಮುಟ್ಟಿತೇ ಎಂಬುದರ ಮೇಲೆ ಅಲ್ಲಿ ತೀರ್ಮಾನ.

ಷರತ್ತು ಮೀರಿದವರಿಗೆ ಕಾನೂನಿನ ಭಯ ಅಷ್ಟೇನಿಲ್ಲ: ೧೯೬೦ರ ಕಾಯ್ದೆಯು ಪ್ರಾಣಿಯನ್ನು ಹೊಡೆದು ಹಿಂಸಿಸಿದ ಮೊದಲ ಅಪರಾಧಕ್ಕೆ ವಿಧಿಸಿದ ದಂಡ ೧೦ರಿಂದ ೫೦ ರೂಪಾಯಿ.