ಎದೆಯೊಳಗಿನ ಗಡ್ಡೆ, ಮೆದುಳಿಗೆ ಪೆಟ್ಟು

ಲಕ್ವ ಹೊಡೆಯಿತೆಂದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ತಂಬಾಕುಗಳ ಕಡೆಗೇ ನಮ್ಮ ಬೆರಳು. ಅದು ಸರಿಯೇ. ಆದರೆ ಇವಾವುವೂ ಇಲ್ಲದ ನಡುವಯಸ್ಸಿನವರಿಗೂ ಲಕ್ವ ಹೊಡೆಯುವುದುಂಟು. ಅಂಥಲ್ಲಿ ಅಪರೂಪಕ್ಕೆ ಅದರ ಮೂಲ ಹೃದಯದೊಳಗೆ ಬೆಳೆದ ಗಡ್ಡೆಯಾಗಿರುತ್ತದೆ.

ದೊಡ್ಡವರಲ್ಲಿ ಹೃದಯದಲ್ಲೇ ಹುಟ್ಟುವ ಗಡ್ಡೆಗಳ ಪೈಕಿ ಹೆಚ್ಚಾಗಿ ಕಾಣುವುದು ಮಿಕ್ಸೋಮ. ಇದು ಕ್ಯಾನ್ಸರ್ ಅಲ್ಲ. ನಾಲ್ಕರಲ್ಲಿ ಸುಮಾರು ಮೂರು ಹೃದಯದ ಎಡ ಮೇಲುಕೋಣೆಯಲ್ಲಿಯೇ, ಗೋಡೆಗೆ ಅಂಟಿಕೊಂಡು ಬೆಳೆಯುತ್ತವೆ. ಲೋಳೆಯಂತೆ ಮೆತ್ತಗಿರುವುದರಿಂದ ಚೂರುಗಳು ಕಳಚಬಹುದು. ಚಿಂಚೋಳಿಯ ಕಡೆ ಕಾಗಿಣಾ ನದಿಗೆ ಬಿದ್ದ ಕಸ ಸೇಡಂ ದಾಟಿ ಚಿತ್ತಾಪುರದ ಕಡೆ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡಂತೆ, ಆ ಚೂರು ರಕ್ತದೊಡನೆ ಹರಿದು ಮೆದುಳಿನ ನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಅದರ ಮುಂದಿನ ಭಾಗಕ್ಕೆ ರಕ್ತ ನಿಂತುಹೋಗುತ್ತದೆ.

ಮಗ್ಗುಲು ಬದಲಿಸಿದಾಗ ಏರಿಳಿಯುವ ಏದುಸಿರು, ತಲೆಸುತ್ತಿ ಬೀಳುವುದು, ಬಿಡದ ಜ್ವರ, ತೂಕ ಇಳಿಯುವುದು ಇದರ ಸೂಚನೆಗಳು. ಯಾವುದೂ ತೋರದೆಯೂ ಇರಬಹುದು. ಶ್ರವಣಾತೀತ ಅಲೆಗಳಿಂದ ಹೃದಯವನ್ನು ನೋಡುವ ಎಕೋ ಪರೀಕ್ಷೆ ಗಡ್ಡೆಯನ್ನು ತೋರಿಸಿಕೊಡುತ್ತದೆ, ಅದರಲ್ಲಿ ನೋವಿಲ್ಲ. ಸ್ವೀಡನ್ನಿನ ಕ್ಲಾರೆನ್ಸ್ ಕ್ರಾಫೂರ್ಡ್ 1954ರಲ್ಲಿ ಇಂಥ ಗಡ್ಡೆಯನ್ನು ಮೊದಲಬಾರಿಗೆ ಯಶಸ್ವಿಯಾಗಿ ತೆಗೆದರು. ಇಂದು ಶಸ್ತ್ರಚಿಕಿತ್ಸೆಯಿಂದ ಬಹುತೇಕರು ಗುಣಹೊಂದುತ್ತಾರೆ.

ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಎಣ್ಣೆ ತಿಕ್ಕುತ್ತ ಕೂಡಬೇಡಿ, 108ಕ್ಕೆ ಕರೆಮಾಡಿ. ರಕ್ತದ ಹೆಪ್ಪು ಕರಗಿಸುವ ಔಷಧಕ್ಕೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. ಶಹಾಬಾದ, ವಾಡಿಗಳಿಗೆ ಕಲಬುರಗಿ ಸಮೀಪ. ಚಿಂಚೋಳಿಯವರಿಗೆ ದಾರಿ ಉದ್ದ, ಆದ್ದರಿಂದ ಇನ್ನೂ ಬೇಗ ಹೊರಡಬೇಕು. ಆಮೇಲೂ ಕಾರಣ ತಿಳಿಯದಿದ್ದರೆ, ಹೃದಯದ ಎಕೋ ಆಗಿದೆಯೇ ಎಂದು ವೈದ್ಯರನ್ನು ಕೇಳಿ. ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆಯೇ ಇದೆ. ಕೇಳಿದ ಆ ಒಂದು ಮಾತು ಎರಡನೆಯ ಪೆಟ್ಟನ್ನು ತಪ್ಪಿಸಬಹುದು.